ಒಂದೇ ಮೇಜು, ಎರಡು ಪಕ್ಷ

ನ್ಯೂಜೆರ್ಸಿಯ ನಮ್ಮ ಟೌನ್‌ಶಿಪ್ಪಿನಲ್ಲಿ ಚುನಾವಣೆ ಬಂತೆಂದರೆ ಫೈರ್ ಹೌಸಿನ, ಅಂದರೆ ಅಗ್ನಿಶಾಮಕ ಠಾಣೆಯ, ಕೆಂಪು ವಾಹನಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಮಡಚುವ ಮೇಜುಗಳನ್ನು ಹಾಕುತ್ತಾರೆ. ಬಾಗಿಲಿಗೆ ಹತ್ತಿರದ ಮೇಜಿನ ಹಿಂದೆ ಶೈಲಮ್ಮ ಆಂಟಿ ಕೂತಿರುತ್ತಾರೆ. ಇಳಕಲ್ ಸೀರೆ, ಅದರ ಮೇಲೆ ಬೂದು ಬಣ್ಣದ ಸ್ವೆಟರ್, ಕೊರಳಲ್ಲಿ ಚುನಾವಣಾ ಸಿಬ್ಬಂದಿಯ ಬ್ಯಾಡ್ಜು. ನಾನು ಅವರ ಬೀದಿಯವಳೇ, ಸುಪ್ರಿಯಾ. ವಾರಕ್ಕೆರಡು ಸಲ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುವವಳು. ಆದರೂ ಅವತ್ತು ಮಾತ್ರ ಗುರುತೇ ಇಲ್ಲದವರ ಹಾಗೆ ನನ್ನ ಹೆಸರು, ವಿಳಾಸ ಕೇಳುತ್ತಾರೆ. ಒಮ್ಮೆ ನಾನು ನಕ್ಕು, "ಆಂಟಿ, ನಾನು!" ಅಂದೆ. ಅವರು ನಗಲಿಲ್ಲ. "ಹೆಸರು ಹೇಳ್ರಿ," ಅಂದರು, ಅದೂ ಬಹುವಚನದಲ್ಲಿ.

ಶೈಲಮ್ಮ ರೋಣದ ಕಡೆಯವರು. ಗಂಡ ರಾಜಶೇಖರ ಇಲ್ಲಿನ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದರು. ಎಂಬತ್ತರ ದಶಕದಲ್ಲಿ ಇಬ್ಬರೂ ಇಲ್ಲಿಗೆ ಬಂದರು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಆಂಟಿ ಒಂದೇ ಒಂದು ಸಲ, ಬೇರೆ ಯಾವುದೋ ಮಾತಿನ ನಡುವೆ, "ಆಗಲಿಲ್ಲವಾ, ಬಿಡು," ಎಂದದ್ದುಂಟು. 2006ರ ಚಳಿಗಾಲದಲ್ಲಿ ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತಿದ್ದ ರಾಜಶೇಖರ ಹೃದಯಾಘಾತವಾಗಿ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲಿನ ಒಂದು ವರ್ಷದ ಬಗ್ಗೆ ಆಂಟಿ ಹೇಳುವುದು ಇಷ್ಟೇ: "ಎಷ್ಟೋ ದಿನ ಬಾಯಿ ತಗದು ಯಾರ ಜೋಡಿನೂ ಮಾತಾಡತಿರಲಿಲ್ಲ. ಫೋನ್ ಬಂದರ ದನೀನ ಒಡೀತಿತ್ತು, ಬಾಳ ದಿನ ಬಳಸದ ನಳದಾಗ ಕೆಂಪು ನೀರು ಬರತಾವಲ್ಲ, ಹಂಗ." ಕನ್ನಡ ಕೂಟದವರು ಮೊದಮೊದಲು ಬಂದುಹೋದರು. ಆಮೇಲೆ ಯುಗಾದಿಗೆ, ದೀಪಾವಳಿಗೆ ಕರೆದರು. ಜೋಡಿ ಜೋಡಿಯಾಗಿ ಬಂದವರ ನಡುವೆ ತಟ್ಟೆ ಹಿಡಿದು ನಿಲ್ಲುವುದು ಅವರಿಗೆ ಆಗಲಿಲ್ಲ.

ಅಂಥ ಒಂದು ದಿನ ಲೈಬ್ರರಿಯ ಗೋಡೆಯ ಮೇಲೆ ಮತಗಟ್ಟೆಗೆ ಕೆಲಸದವರು ಬೇಕಾಗಿದ್ದಾರೆ ಎಂಬ ಪ್ರಕಟಣೆ ಕಂಡಿತು. "ಮಂದಿ ಬಂದು ಎದುರಿಗೆ ನಿಂತು ತಮ್ಮ ಹೆಸರು ಹೇಳತಾರಂತ. ಅಷ್ಟಕ್ಕ ಹೋದೆ," ಎನ್ನುತ್ತಾರೆ.

ಅವರ ಮೊದಲ ಚುನಾವಣೆ ಅಧ್ಯಕ್ಷರದಾಗಲಿ, ಗವರ್ನರದಾಗಲಿ ಆಗಿರಲಿಲ್ಲ. 2007ರ ಏಪ್ರಿಲ್‌ನಲ್ಲಿ ನಡೆದ ಶಾಲಾ ಬಜೆಟ್ಟಿನ ಮತದಾನ. ಆಗೆಲ್ಲ ಶಾಲೆಗಳ ಖರ್ಚಿಗೆ ತೆರಿಗೆ ಏರಿಸಬಹುದೇ ಎಂದು ಪ್ರತಿ ವಸಂತದಲ್ಲೂ ಊರವರನ್ನೇ ಕೇಳುತ್ತಿದ್ದರು. ಉತ್ತರ ಹೌದು ಅಥವಾ ಬೇಡ, ಅಷ್ಟೇ. ಊರವರಿಗೆ ಅದರಲ್ಲಿ ಆಸಕ್ತಿ ಕಡಿಮೆ. ಮಳೆ ಹನಿಯುತ್ತಿತ್ತು. ಇಡೀ ಫೈರ್ ಹೌಸಿನಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಶೈಲಮ್ಮ, ಇನ್ನೊಂದರಲ್ಲಿ ಡೇನಿಯಲ್.

ಡೇನಿಯಲ್ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಎತ್ತರದ ಬಿಳಿಯ, ಕೆಂಪು ಮೂಗು, ಕೈಗಳು ದೊಡ್ಡವು. ನಮ್ಮ ರಾಜ್ಯದ ಮತಗಟ್ಟೆಗಳಲ್ಲಿ ಎರಡೂ ಪಕ್ಷದವರು ಸಮಸಮ ಕೂರಬೇಕು, ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಅಂತ. ಡೇನಿಯಲ್ ಒಂದು ಪಕ್ಷದವರೆಂದು ನೋಂದಾಯಿಸಿಕೊಂಡಿದ್ದರು, ಶೈಲಮ್ಮ ಇನ್ನೊಂದರವರೆಂದು. ಮತಗಟ್ಟೆಯೊಳಗೆ ರಾಜಕೀಯ ಮಾತಾಡುವಂತಿಲ್ಲ. ಹಾಗಾಗಿ ಅವರಿಬ್ಬರಿಗೆ ಉಳಿದದ್ದು ಮಿಕ್ಕ ಪ್ರಪಂಚ: ಟೊಮೆಟೊ ಗಿಡದ ರೋಗ, ಮಂಡಿನೋವು, ಹಿಮ, ಊಟ. ಮತ್ತು ಹಳೆಯ ಚುನಾವಣೆಗಳು. ನೂರು ವರ್ಷದ ಹಿಂದಿನದು ರಾಜಕೀಯ ಅಲ್ಲ, ಅದು ಇತಿಹಾಸ ಎನ್ನುವುದು ಡೇನಿಯಲ್‌ರ ವಾದ.

ಆ ಮಧ್ಯಾಹ್ನ ಯಾರೂ ಬಾರದೆ ಬಹಳ ಹೊತ್ತಾದ ಮೇಲೆ ಅವರು ಕೇಳಿದರಂತೆ: "ಈ ರಾಜ್ಯದಲ್ಲಿ ಹೆಂಗಸರು ಯಾವಾಗಿನಿಂದ ವೋಟು ಹಾಕ್ತಿದ್ದಾರೆ, ಗೊತ್ತೇ?"

ಸಿಟಿಜನ್‌ಶಿಪ್ ಪರೀಕ್ಷೆಗೆ ಓದಿಕೊಂಡಿದ್ದ ಶೈಲಮ್ಮ, "ನೈನ್ಟೀನ್ ಟ್ವೆಂಟಿ," ಅಂದರು.

"ಇಡೀ ದೇಶಕ್ಕೆ ಅದು. ನ್ಯೂಜೆರ್ಸಿಯಲ್ಲಿ ದೇಶ ಹುಟ್ಟಿದಾಗಲೇ ಹಾಕ್ತಿದ್ದರು. ಐವತ್ತು ಪೌಂಡ್ ಆಸ್ತಿ ಇದ್ದರೆ ಸಾಕು, ಗಂಡಸೋ ಹೆಂಗಸೋ ಅಂತ ಕಾನೂನಲ್ಲಿ ಬರೆದಿರಲಿಲ್ಲ. ಆದರೆ ಮದುವೆಯಾದವಳ ಆಸ್ತಿಯೆಲ್ಲ ಗಂಡನದೇ ತಾನೇ? ಹಾಗಾಗಿ ಹಾಕಿದವರು ಮದುವೆಯಾಗದವರು, ಮತ್ತೆ ವಿಧವೆಯರು. ಮೂವತ್ತು ವರ್ಷ ಹಾಕಿದರು. 1807ರಲ್ಲಿ ಗಂಡಸರೆಲ್ಲ ಕೂತು ಕಿತ್ತುಕೊಂಡರು."

ಶೈಲಮ್ಮ ಎದುರಿನ ಮತದಾರರ ಪಟ್ಟಿಯನ್ನು ನೇರ ಮಾಡಿಟ್ಟರು. ಆಮೇಲೆ, "ಹಾಗಾದರೆ ಆ ಕಾಲದಲ್ಲಾಗಿದ್ದರೆ ಹೋದ ವರ್ಷದಿಂದ ನನಗೆ ವೋಟು ಬರುತ್ತಿತ್ತು," ಅಂದರು.

ಡೇನಿಯಲ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖವೆಲ್ಲ ಕೆಂಪಾಗಿ ಕ್ಷಮೆ ಕೇಳತೊಡಗಿದರು. ಅವರ ಗಾಬರಿ ನೋಡಿ ಶೈಲಮ್ಮನಿಗೆ ನಗು ಬಂತು. ಗಂಡ ಹೋದಮೇಲೆ ಬಂದ ಮೊದಲ ನಗು. ಅದು ನಿಲ್ಲದೆ ಅಳುವಿಗೆ ತಿರುಗಿತು. ಅಷ್ಟರಲ್ಲಿ ಒಬ್ಬಾಕೆ ಕೊಡೆ ಜಾಡಿಸುತ್ತ ಒಳಗೆ ಬಂದಳು. ಶೈಲಮ್ಮ ಕಣ್ಣೊರೆಸಿಕೊಂಡು ಹೆಸರು ಕೇಳಿದರು.

ಹೀಗೆ ಶುರುವಾಯಿತು. ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಜೂನ್‌ನ ಪ್ರೈಮರಿ, ನವೆಂಬರ್‌ನ ಚುನಾವಣೆ. ಏಪ್ರಿಲ್‌ನ ಮತದಾನ ಕೆಲವು ವರ್ಷಗಳ ನಂತರ ನವೆಂಬರಿಗೇ ಸೇರಿಹೋಯಿತು. ಆಮೇಲೆ ವರ್ಷಕ್ಕೆ ಎರಡೇ ದಿನ, ಬೆಳಗಿನಿಂದ ರಾತ್ರಿಯವರೆಗೆ ಒಂದೇ ಮೇಜು. ಶೈಲಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದರು. ಡೇನಿಯಲ್ ಮೊದಲು ದೂರದಿಂದ ಮೂಸಿ ನೋಡಿದವರು, ಮೂರನೆಯ ವರ್ಷ ತಮ್ಮ ಮೊಟ್ಟೆ ಸ್ಯಾಂಡ್‌ವಿಚ್ಚಿನ ಮೇಲೆ ಚಟ್ನಿಪುಡಿ ಉದುರಿಸಿಕೊಳ್ಳತೊಡಗಿದರು. ಉಳಿದ ದಿನಗಳಲ್ಲಿ ಒಬ್ಬರಿಗೊಬ್ಬರು ಫೋನ್ ಮಾಡಿದ್ದಿಲ್ಲ, ಮನೆಗೆ ಹೋದದ್ದಿಲ್ಲ. ಅಂಗಡಿಯಲ್ಲಿ ಅಕಸ್ಮಾತ್ ಎದುರಾದದ್ದೂ ಇಲ್ಲ.

ಅಧ್ಯಕ್ಷರ ಚುನಾವಣೆಯ ವರ್ಷ ಬಂದರೆ ಸಾಲು ಬಾಗಿಲು ದಾಟಿ ಪಾರ್ಕಿಂಗ್ ಲಾಟಿನವರೆಗೆ ಹೋಗುತ್ತಿತ್ತು. ಮಾತಾಡಲು ಪುರಸೊತ್ತಿರಲಿಲ್ಲ. ಮಿಕ್ಕ ವರ್ಷಗಳಲ್ಲಿ ಖಾಲಿ ಹಾಲ್. ಆಂಟಿಗೆ ಖಾಲಿ ವರ್ಷಗಳೇ ಇಷ್ಟ. ಅಂಥ ಒಂದು ವರ್ಷ ಡೇನಿಯಲ್ ತಮ್ಮ ಅಜ್ಜಿಯ ಕಥೆ ಹೇಳಿದರು. 1915ರಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಜನಮತಗಣನೆ ನಡೆಯಿತು: ಹೆಂಗಸರಿಗೆ ಮತದ ಹಕ್ಕು ಕೊಡಬಹುದೇ? ಕೇಳಿದ್ದು ಗಂಡಸರನ್ನು ಮಾತ್ರ. ಅವರು ಬೇಡವೆಂದರು. "ನಮ್ಮಜ್ಜನೂ ಬೇಡ ಅಂತ ಹಾಕಿ ಮನೆಗೆ ಬಂದನಂತೆ. ಅಜ್ಜಿ ಊಟ ಬಡಿಸಿದಳು. ಏನೂ ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಆದರೆ ಮುಖ ನೋಡಿಯೇ ಗೊತ್ತಾಯ್ತು ಅಂತ ಸಾಯುವ ತನಕ ಅವಳು ಅದನ್ನು ಹೇಳ್ತಿದ್ದಳು."

2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ಹೋದ ಮರುವಾರವೇ ಚುನಾವಣೆ. ಊರಲ್ಲಿ ಕರೆಂಟಿಲ್ಲ. ಫೈರ್ ಹೌಸಿನ ಜನರೇಟರಿನ ಸದ್ದಿನಲ್ಲಿ, ಕೋಟು ತೊಟ್ಟುಕೊಂಡೇ ಇಬ್ಬರೂ ಇಡೀ ದಿನ ಕೂತರು. ಮನೆಯಲ್ಲಿ ಹೀಟರಿಲ್ಲದ ಜನ ಮತ ಹಾಕಿದ ಮೇಲೂ ಗೋಡೆಗೊರಗಿ ನಿಂತಿದ್ದರಂತೆ, ಬೆಚ್ಚಗಿರುವುದಕ್ಕೆ.

2020ರ ಪ್ರೈಮರಿ ಕೊರೋನಾ ಸೋಂಕಿನ ಕಾರಣ ಜುಲೈಗೆ ಹೋಯಿತು. ಬಹುತೇಕ ಎಲ್ಲರ ಮತಪತ್ರಗಳೂ ಅಂಚೆಯಲ್ಲೇ ಹೋಗಿದ್ದವು. ಮೇಜಿನ ನಡುವೆ ಪ್ಲಾಸ್ಟಿಕ್ ಹಾಳೆ, ಮುಖಕ್ಕೆ ಮಾಸ್ಕು. ಡೇನಿಯಲ್ ಬಂದು ಕೂತು, ನೇರ ಎದುರಿನ ಗೋಡೆ ನೋಡುತ್ತ, "ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಹೋದಳು. ಆಸ್ಪತ್ರೆಯೊಳಗೆ ನನ್ನನ್ನು ಬಿಡಲಿಲ್ಲ," ಎಂದರು. ಶೈಲಮ್ಮನ ಬಾಯಿಗೆ ಬಂದದ್ದು ಸಾರಿ ಎನ್ನುವ ಒಂದೇ ಮಾತು. "ಕನ್ನಡದಾಗ ಆಗಿದ್ದರ ಏನರ ಅಂತಿದ್ನೇನೊ. ಕೈ ಹಿಡಿಯೋ ಹಂಗೂ ಇರಲಿಲ್ಲ. ಇಡೀ ದಿನ ಇಬ್ಬರೂ ಒಬ್ಬೊಬ್ಬರ ಕೂತಂಗ ಕೂತ್ವಿ," ಎಂದು ಆಂಟಿ ನನಗೆ ಹೇಳಿದ್ದರು.

2024ರ ಜೂನ್‌ನಲ್ಲಿ ಡೇನಿಯಲ್ ಬರಲಿಲ್ಲ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು. ಡೇನಿಯಲ್‌ಗೆ ಹುಷಾರಿಲ್ಲವಂತೆ ಎಂದಷ್ಟೇ ಆಕೆಗೆ ಗೊತ್ತಿತ್ತು. ಮರುದಿನ ಆಂಟಿ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಸುಪ್ರಿಯಾ, ಹದಿನೇಳು ವರ್ಷ ಬಾಜೂಕ ಕೂತೇನಿ. ಅವರ ಮನಿ ಎಲ್ಲೈತಂತ ನನಗ ಗೊತ್ತಿಲ್ಲ ನೋಡು."

"ಏನೂ ಗೊತ್ತಿಲ್ವಾ ಆಂಟಿ?"

"ಕಾಲುವಿ ದಂಡಿಗೆ ಐತಿ ಅಂತಿದ್ರು. ಮನಿ ಮುಂದ ಟೊಮೆಟೊ ಹಚ್ಚತಾರ."

ನಾವಿಬ್ಬರೂ ಕಾರು ತೆಗೆದುಕೊಂಡು ಕಾಲುವೆಯ ಗುಂಟ ಇರುವ ರಸ್ತೆಯಲ್ಲಿ ನಿಧಾನ ಹೋದೆವು. ಮನೆ ಮುಂದೆ ಹೂವು ಬೆಳೆಸುವ ಊರಿನಲ್ಲಿ ಟೊಮೆಟೊ ಬೆಳೆಸುವ ಮನೆ ಸಿಗುವುದು ಕಷ್ಟವಾಗಲಿಲ್ಲ. ಸಸಿ ನೆಟ್ಟಿರಲಿಲ್ಲ, ಹಳೆಯ ಆಧಾರದ ಕೋಲುಗಳು ಮಾತ್ರ ನಿಂತಿದ್ದವು. ಪಕ್ಕದ ಮನೆಯವರು ಹೇಳಿದರು: ಮಾರ್ಚ್‌ನಲ್ಲಿ ಸ್ಟ್ರೋಕ್ ಆಯಿತು, ಈಗ ರಾಬಿನ್ಸ್‌ವಿಲ್ ಕಡೆ, ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿದ್ದಾರೆ.

ಅಂದಿನಿಂದ ವಾರಕ್ಕೊಮ್ಮೆ ಆಂಟಿಯನ್ನು ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗುವುದು ನನ್ನ ಕೆಲಸವಾಯಿತು. ಡೇನಿಯಲ್‌ರ ಬಲಗೈ, ಬಲಗಾಲು ಹೋಗಿದ್ದವು. ಮಾತು ಒಂದೊಂದೇ ಪದವಾಗಿ ಬರುತ್ತಿತ್ತು, ಕೆಲವೊಮ್ಮೆ ತಪ್ಪು ಪದ. ಮೊದಲ ದಿನ ಆಂಟಿಯನ್ನು ಕಂಡು ಅವರು ಬಹಳ ಹೊತ್ತು ತಡಕಾಡಿ "ನವೆಂಬರ್" ಅಂದರು. ಆಂಟಿ, "ಅಲ್ಲ, ಇನ್ನೂ ಜೂನ್," ಎಂದು ಕುರ್ಚಿ ಎಳೆದುಕೊಂಡು ಕೂತರು.

ಅಕ್ಟೋಬರಿನಲ್ಲಿ ಅವರ ಅಂಚೆ ಮತಪತ್ರ ಬಂತು. ಅಧ್ಯಕ್ಷರ ವರ್ಷ. ಅವರಿಗೆ ಅರಿಜೋನಾದಲ್ಲಿ ಒಬ್ಬಳೇ ಮಗಳು. ಆ ವಾರ ಅವಳು ಬಂದಿದ್ದಳು, ಐವತ್ತರ ಆಸುಪಾಸಿನ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಕಾರಿಡಾರಿನಲ್ಲಿ ನಮ್ಮನ್ನು ನಿಲ್ಲಿಸಿ ಹೇಳಿದಳು:

"ಅಪ್ಪನಿಗೆ ಪೆನ್ನು ಹಿಡಿಯೋಕಾಗಲ್ಲ. ನಾನು ತುಂಬಿಕೊಡ್ತೀನಿ ಅಂದೆ. ತಲೆ ಆಡಿಸ್ತಾರೆ. ನೀವೇ ಬೇಕಂತೆ."

"ನಾನು ಬೇರೆ ಪಕ್ಷದವಳು. ಅದು ಅವರಿಗೆ ಗೊತ್ತಲ್ಲ," ಅಂದರು ಆಂಟಿ.

"ನಾನೂ ನಿಮ್ಮ ಪಕ್ಷದವಳೇ. ಎಂಟು ವರ್ಷದ ಹಿಂದೆ ಅದೇ ವಿಷಯಕ್ಕೆ ಜಗಳ ಆಯ್ತು. ಎರಡು ವರ್ಷ ನಾವು ಫೋನ್ ಕೂಡ ಮಾಡಿರಲಿಲ್ಲ." ಅವಳು ಗೋಡೆಗೆ ಒರಗಿದಳು. "ನನ್ನ ಮೇಲೆ ನಂಬಿಕೆ ಇಲ್ಲ, ನಿಮ್ಮ ಮೇಲೆ ಇದೆ."

ಆಂಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೈಲಾಗದ ಮತದಾರನಿಗೆ ನೆರವಾಗಬಹುದು, ಮತಪತ್ರದ ಲಕೋಟೆಯ ಮೇಲೆ ನೆರವಾದವರೂ ಸಹಿ ಹಾಕಬೇಕು. ಕಾನೂನಿನಲ್ಲಿ ಅಷ್ಟೇ. ಮಗಳು, ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದೆವು. ಅವಳು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಆ ಸಲದ ಮತಪತ್ರದ ಕೊನೆಯಲ್ಲಿ ನಮ್ಮ ಟೌನ್‌ಶಿಪ್ಪಿನದೇ ಒಂದು ಪ್ರಶ್ನೆ ಇತ್ತು. ಊರಿನಲ್ಲಿ ಉಳಿದಿದ್ದ ಕೊನೆಯ ದೊಡ್ಡ ಹೊಲವನ್ನು ವೇರ್‌ಹೌಸ್ ಕಟ್ಟುವವರಿಗೆ ಬಿಡದೆ ಟೌನ್‌ಶಿಪ್ಪೇ ಕೊಂಡುಕೊಳ್ಳಬೇಕೇ, ಅದಕ್ಕಾಗಿ ಆಸ್ತಿ ತೆರಿಗೆ ಏರಿಸಬೇಕೇ? ಆ ಹೊಲ ಆಂಟಿಯ ಮನೆಯ ಎದುರಿನದು. ಗಂಡ ಹೋದಂದಿನಿಂದ ಅವರು ದಿನಾ ಸಂಜೆ ಅದರ ಬದುವಿನಲ್ಲಿ ನಡೆಯುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿ ಮೆಕ್ಕೆಜೋಳ. ದೂರದಿಂದ ನೋಡಿದರೆ ನಮ್ಮ ಕಡೆಯ ಬಿಳಿಜೋಳದ ಹಂಗೇ ಕಾಣುತ್ತದೆ ಎನ್ನುತ್ತಿದ್ದರು. ಡೇನಿಯಲ್‌ಗೆ ಇದ್ಯಾವುದೂ ತಿಳಿದಿರಲಿಲ್ಲ.

ಬಾಗಿಲ ಹಿಂದೆ ನಡೆದದ್ದನ್ನು ಆಂಟಿ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ಆ ಒಂದು ಪ್ರಶ್ನೆಯ ಬಗ್ಗೆ ಮಾತ್ರ. ಮಿಕ್ಕ ಸಾಲುಗಳಲ್ಲಿ ಏನಾಯಿತೋ ಇಂದಿಗೂ ನನಗೆ ಗೊತ್ತಿಲ್ಲ.

ಅವರು ಪ್ರಶ್ನೆಯನ್ನು ನಿಧಾನವಾಗಿ ಓದಿದರು. ಡೇನಿಯಲ್ "ನೋ" ಅಂದರು. ಯಾವ ತೆರಿಗೆ ಪ್ರಶ್ನೆ ಬಂದರೂ ಅವರು ಹೇಳುವುದು ಅದನ್ನೇ. ಆಂಟಿ ಪೆನ್ನು ಹಿಡಿದು ಕೂತರು. ಡೇನಿಯಲ್ ಕಣ್ಣು ಮುಚ್ಚಿ ದಿಂಬಿಗೆ ಒರಗಿದ್ದರು. ನಿಜವಾಗಿ ಏನು ತುಂಬಿದರೆಂದು ನೋಡುವವರಿರಲಿಲ್ಲ.

"ಆವಾಗ ನನಗ ಎಪ್ಪತ್ತೇಳರ ಇಲೆಕ್ಷನ್ ನೆನಪಾತು," ಎಂದರು ಆಂಟಿ. "ಹೊಸದಾಗಿ ಮದುವಿ ಆಗಿತ್ತು. ಮೊದಲನೆ ಓಟು. ಇವರು ಧಾರವಾಡದಾಗ ಓದತಿದ್ರು. ನಾನು ಸೆರಗ ಹೊತಗೊಂಡು ಸಾಲಿ ಖೋಲಿಗೆ ಹೋದೆ. ಮಾವನವರ ಅಣ್ಣನ ಮಗ ಪಕ್ಷದ ಏಜೆಂಟ ಇದ್ದಾ. 'ತಡೀ ತಂಗಿ, ತಪ್ಪಾದೀತು' ಅಂತ ಎದ್ದು ಬಂದು ನನ್ನ ಕೈ ಹಿಡದು ಅಂವಗ ಬೇಕಾದ ಚಿಹ್ನೆ ಮ್ಯಾಲ ಮೊಹರು ಒತ್ತಿಸಿದ. ಒಬ್ಬರೂ ಏನೂ ಅನಲಿಲ್ಲ. ಬೊಟ್ಟಿಗೆ ಮಸಿ ಹಚ್ಚಿಸಿಕೊಂಡು ಮನಿಗೆ ಬಂದೆ. ಯಾರಿಗಿ ಹಾಕಬೇಕಂತ ಮನಸಿನ್ಯಾಗ ಇತ್ತು ನನಗ. ಅದು ಅಲ್ಲೇ ಉಳೀತು."

"ಆಮೇಲೆ?"

"ಆಮ್ಯಾಲೆ ಏನು, ನೋ ಅಂತ ತುಂಬಿದೆ."

ಎಡಗೈಯಲ್ಲಿ ಡೇನಿಯಲ್ ಹೇಗೋ ಸೊಟ್ಟ ಸಹಿ ಮಾಡಿದರು. ಆಂಟಿ ತಮ್ಮ ಸಹಿ ಹಾಕಿದರು. ವಾಪಸು ಬರುವಾಗ ಟೌನ್ ಹಾಲಿನ ಮುಂದೆ ಮತಪತ್ರಗಳಿಗೆಂದು ಇಟ್ಟಿರುವ ಡ್ರಾಪ್ ಬಾಕ್ಸಿಗೆ ಲಕೋಟೆ ಹಾಕಿ ಕಾರಿನಲ್ಲಿ ಕೂತರು. ಮನೆಯ ಮುಂದೆ ಇಳಿದು, ಒಳಗೆ ಹೋಗದೆ, ಹೊಲದ ಬದುವಿನ ಕಡೆ ನಡೆದರು. ಕೊಯ್ಲು ಮುಗಿದಿತ್ತು. ಅವರ ಹಿಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ನವೆಂಬರಿನಲ್ಲಿ ಅವರು ಎಂದಿನಂತೆ ಫೈರ್ ಹೌಸಿನಲ್ಲಿ ಕೂತರು. ಆ ಪ್ರಶ್ನೆ ಬಿದ್ದುಹೋಯಿತು. ಬಹಳ ಅಂತರವೇನೂ ಇರಲಿಲ್ಲ, ಆದರೆ ಒಂದು ಮತದಿಂದ ಬದಲಾಗುವಷ್ಟು ಸಣ್ಣದೂ ಆಗಿರಲಿಲ್ಲ. ಮುಂದಿನ ವಾರ ನಾವು ನರ್ಸಿಂಗ್ ಹೋಮಿಗೆ ಹೋದಾಗ ಡೇನಿಯಲ್‌ರ ಕೈಯಲ್ಲಿ ಊರಿನ ಪತ್ರಿಕೆ ಇತ್ತು. ಅದರಲ್ಲಿ ಹೊಲದ ಚಿತ್ರ, ನಕ್ಷೆ. ನಕ್ಷೆಯ ಮೇಲೆ ಬೆರಳಿಟ್ಟು ಆಂಟಿಯ ಕಡೆ ನೋಡಿದರು.

"ನಿಮ್ಮ... ಬೀದಿ?"

"ಹೌದು."

"ಎದುರು?"

"ಎದುರಿಗೇ," ಅಂದರು ಆಂಟಿ.

ಡೇನಿಯಲ್ ಬಹಳ ಹೊತ್ತು ಬಾಯಿ ಆಡಿಸಿದರು. "ನಾನು... ನೋ," ಅಂದರು. ಆಮೇಲೆ, "ಯಾಕೆ... ಹೇಳಲಿಲ್ಲ?"

"ಮತದಾರನ ಮುಂದೆ ಹಾಗೆಲ್ಲ ಹೇಳುವ ಹಾಗಿಲ್ಲ ಅಂತ ನಿಮಗೇ ಗೊತ್ತು," ಅಂದರು ಆಂಟಿ.

ಡೇನಿಯಲ್ ಎಡಗೈಯನ್ನು ಹೊದಿಕೆಯ ಮೇಲೆ ಮುಂದಕ್ಕೆ ತಳ್ಳಿದರು. ಆಂಟಿ ಅದನ್ನು ಹಿಡಿದುಕೊಂಡರು. ಅವರಿಬ್ಬರು ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಿಟಕಿಯಾಚೆ ಟ್ರಕ್ಕುಗಳು ಸಾಲಾಗಿ ಹೋಗುತ್ತಿದ್ದವು.

ಫೆಬ್ರವರಿಯಲ್ಲಿ ಡೇನಿಯಲ್ ತೀರಿಕೊಂಡರು. ಸುದ್ದಿ ತಿಳಿಸಿದ್ದು ಮಗಳೇ. ನೆಲ ಹೆಪ್ಪುಗಟ್ಟಿತ್ತು. ಸಮಾಧಿಯ ಸುತ್ತ ನಿಂತವರು ಕೆಲವೇ ಜನ, ರೈಲ್ವೆಯ ಹಳೆಯ ಸಂಗಡಿಗರು, ಪಕ್ಕದ ಮನೆಯವರು. ಬೂದು ಸ್ವೆಟರಿನ ಮೇಲೆ ಕಪ್ಪು ಕೋಟು ತೊಟ್ಟ ಆಂಟಿ ಎಲ್ಲರಿಂದ ಸ್ವಲ್ಪ ದೂರ ನಿಂತರು. ಯಾರೋ ಮುದುಕರು ಬಂದು, ನೀವು ಡೇನಿಯಲ್‌ಗೆ ಹೇಗೆ ಪರಿಚಯ ಎಂದು ಕೇಳಿದಾಗ, "ಚುನಾವಣೆಯ ದಿನ ಜೊತೆಗೆ ಕೂರುತ್ತಿದ್ದೆವು," ಎಂದರು. ಆ ಮುದುಕರು ಇನ್ನೇನಾದರೂ ಹೇಳಿಯಾರೆಂದು ಕಾದು, ತಲೆಯಾಡಿಸಿ ಹೋದರು.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಸ್ಯಾಂಡ್‌ವಿಚ್. ಮಗಳು ಆಂಟಿಯನ್ನು ಮೂಲೆಗೆ ಕರೆದಳು. ನಾನು ಪಕ್ಕದಲ್ಲೇ ಇದ್ದೆ.

"ಒಂದು ಕೇಳಲೇ? ಕೊನೆಗೆ ಅಪ್ಪ ಯಾರಿಗೆ ಹಾಕಿದರು? ಅಧ್ಯಕ್ಷ ಸ್ಥಾನಕ್ಕೆ."

ಆಂಟಿ ಕೈಯಲ್ಲಿದ್ದ ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟರು.

"ನನ್ನ ಜೊತೆ ಜಗಳ ಆಡಿದ ಮೇಲೂ ಅದೇ ಪಕ್ಷಕ್ಕಾ? ಅಥವಾ..." ಅವಳು ಇನ್ನಷ್ಟು ಹತ್ತಿರ ಬಂದಳು. "ಏನೇ ಆಗಿದ್ದರೂ ನನಗೆ ಕೋಪ ಇಲ್ಲ. ಗೊತ್ತಾದರೆ ಸಾಕು. ಈಗ ಅವರೇ ಇಲ್ಲ."

ಆಂಟಿ ಅವಳ ತೋಳಿನ ಮೇಲೆ ಕೈಯಿಟ್ಟರು. "ಅದು ಅವರದು," ಅಂದರು. "ನನ್ನ ಹತ್ತಿರ ಕೊಡಲಿಕ್ಕೆ ಇಲ್ಲ."

ಮಗಳು ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ. ಮೇಜಿನ ಮೇಲಿನ ಕಪ್ಪುಗಳನ್ನು ಒಂದರೊಳಗೊಂದು ಪೇರಿಸತೊಡಗಿದಳು. ನಾವು ಹೊರಡುವಾಗ ಅವಳು ತಲೆಯೆತ್ತಿ ನೋಡಲಿಲ್ಲ.

ಕಾರಿನಲ್ಲಿ ನಾನು ತಡೆಯಲಾರದೆ ಅಂದೆ: "ಹೇಳ್ಬಿಡಬಹುದಿತ್ತು ಆಂಟಿ. ಪಾಪ, ಅವಳಿಗೆ ಸಮಾಧಾನ ಆಗ್ತಿತ್ತು."

"ಆಗತಿತ್ತೇನೊ," ಅಂದರು ಆಂಟಿ. ಸ್ವಲ್ಪ ದೂರ ಹೋದಮೇಲೆ ಮತ್ತೆ, "ಇನ್ನ ಅಕಿ ಫೋನ್ ಮಾಡೂದಿಲ್ಲ ನೋಡು," ಅಂದರು.

ಅವಳು ಮಾಡಲೂ ಇಲ್ಲ. ಜೂನ್‌ನಲ್ಲಿ ಗವರ್ನರ್ ಚುನಾವಣೆಯ ಪ್ರೈಮರಿ ಬಂತು. ನಾನು ಮಧ್ಯಾಹ್ನ ಹೋದೆ. ಹಾಲ್ ಖಾಲಿ ಇತ್ತು. ಪಕ್ಕದ ಕುರ್ಚಿಯ ಹೆಂಗಸು ಊಟಕ್ಕೆ ಹೊರಗೆ ಹೋಗಿದ್ದಳು. ಶೈಲಮ್ಮ ಆಂಟಿ ಒಬ್ಬರೇ ಕೂತು ರೊಟ್ಟಿ ಮುರಿಯುತ್ತಿದ್ದರು. ನನ್ನನ್ನು ಕಂಡು ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ನೆಟ್ಟಗೆ ಕೂತು, "ಹೆಸರು ಹೇಳ್ರಿ," ಅಂದರು.